ನೆತ್ತಿ ಇಲ್ಲದ ಹುಡುಗಿಯರು

ಮಾರ್ಚ್ ೩, ಸೋಮವಾರ
ಬೆಳಿಗ್ಗೆಯಿಂದ ನಲವತ್ತು ಮುಖ ಮಾಡಿದೆ. ಮೂರು ವರ್ಷದಿಂದ ಇದೇ ಕೆಲಸ. ಗೇಮ್ ಆಡುವವರು ತಮ್ಮ ಪಾತ್ರಕ್ಕೆ ಮೂಗು, ಬಣ್ಣ, ಕೂದಲು ಆರಿಸಿಕೊಳ್ಳುವ ಸ್ಕ್ರೀನ್ — ಅದರಲ್ಲಿ ತಪ್ಪು ಹುಡುಕುವುದು.

ನಿನ್ನೆ ತಿರುಪತಿಯಿಂದ ಬಂದದ್ದು. ಮುಡಿ ಕೊಟ್ಟಾಯಿತು. ಅಣ್ಣ ಮನೋಜ್ ಬೈಕಿನಿಂದ ಬಿದ್ದು ಹನ್ನೊಂದು ದಿನ ಐಸಿಯುನಲ್ಲಿದ್ದಾಗ ಹೊತ್ತ ಹರಕೆ. ತಲೆ ಹಗುರ, ಏಸಿ ಗಾಳಿ ತಣ್ಣಗೆ. ಆಫೀಸಿನಲ್ಲಿ ಎಲ್ಲರೂ ದನಿ ತಗ್ಗಿಸಿ ಮಾತಾಡಿಸಿದರು. ಲಿಫ್ಟಿನಲ್ಲಿ ಒಬ್ಬಳು, "ಟ್ರೀಟ್‌ಮೆಂಟ್ ನಡೀತಿದ್ಯಾ ದಿವ್ಯ?"
"ಇಲ್ಲ ಕಣೇ, ತಿರುಪತಿ."

ಸಂಜೆ ತಮಾಷೆಗೆ ನನ್ನದೇ ಮುಖ ಮಾಡಲು ಹೋದೆ. ಮೂಗು ಸಿಕ್ಕಿತು, ಮೂಗುತಿ ಸಿಕ್ಕಿತು. ಬೋಳು ತಲೆ ಸಿಗಲಿಲ್ಲ. ಗಂಡಸರ ಪಟ್ಟಿಯಲ್ಲಿ ಮೊದಲನೆಯದೇ ಬೋಳು. ಹೆಂಗಸರಿಗೆ ಮೂವತ್ತೊಂದು ಹೇರ್‌ಸ್ಟೈಲ್, ಬೋಳು ಮಾತ್ರ ಇಲ್ಲ. ಮೈ ಉರಿಯಿತು.

ಮಾರ್ಚ್ ೪
ಇದನ್ನು ತಪ್ಪುಗಳ ಪಟ್ಟಿಗೆ ಬಗ್ ಎಂದು ಹಾಕಿದೆ. ಹತ್ತು ನಿಮಿಷದಲ್ಲಿ ನಮ್ಮ ಟೀಮ್ ಲೀಡ್ ಮಾಧವ್ ಅದು ತಪ್ಪೇ ಅಲ್ಲ ಎಂದು ಮುಚ್ಚಿದರು. ಎದ್ದು ಹೋಗಿ ಕೇಳಿದೆ.
"ಹುಡುಗೀರು ಯಾರ್ರೀ ಬೋಳು ತಲೆ ಸೆಲೆಕ್ಟ್ ಮಾಡ್ತಾರೆ?"
"ನಾನು."
ನೋಡಿದರು. ಕೂಡಲೇ ಕಣ್ಣು ಕೀಬೋರ್ಡಿನ ಕಡೆ. "ಅಯ್ಯೋ, ನಿಮ್ಮದು ಬೇರೆ ವಿಷಯ..."
ಬೇರೆ ವಿಷಯವಂತೆ! ಸೀಟಿಗೆ ಬಂದು ಬಗ್ ಮತ್ತೆ ತೆರೆದೆ.

ಮಾರ್ಚ್ ೭
ಮೂರನೇ ಸಲ ಮುಚ್ಚಿದರು, ಮೂರನೇ ಸಲ ತೆರೆದೆ. ಊಟದ ಹೊತ್ತಿನಲ್ಲಿ ಸಂಹಿತಾಳನ್ನು ಹಿಡಿದೆ. ಪಾತ್ರಗಳ ತಲೆ, ಮುಖ ರೂಪಿಸುವವಳು ಅವಳೇ. ಇರುವ ಕೂದಲನ್ನು ತೆಗೆದರೆ ಆಯಿತಲ್ಲ ಎಂದೆ. ತೆಗೆದು ತೋರಿಸಿದಳು.

ಕೂದಲಿನ ಕೆಳಗೆ ತಲೆಯೇ ಇಲ್ಲ. ದೊಡ್ಡ ತೂತು. ಮೇಲಿಂದ ಬಗ್ಗಿದರೆ ಕಣ್ಣುಗುಡ್ಡೆಗಳ ಬೆನ್ನು ಕಾಣುತ್ತದೆ.
"ಯಾರೂ ನೋಡಲ್ಲ ಅಂತ ಮಾಡೇ ಇಲ್ಲ ಕಣೇ. ಗಂಡಸ್ರಿಗೆ ಮಾತ್ರ ನೆತ್ತಿ ಮಾಡಿದ್ವಿ."
ನಗು ಬಂತು. ಆಮೇಲೆ ನಿಂತುಹೋಯಿತು.
"ಅವರದ್ದೇ ಅಂಟ್ಸು."
"ಕೂರಲ್ಲ. ಹೊಸದಾಗೇ ಮಾಡ್ಬೇಕು. ನೋಡಿ ಮಾಡೋಕೆ ರೆಫರೆನ್ಸ್ ಬೇಕು."
"ಇಲ್ಲೇ ಇದ್ಯಲ್ಲ," ತಲೆ ಬಗ್ಗಿಸಿದೆ. ಕಿಟಕಿಯ ಬೆಳಕಿಗೆ ನಿಲ್ಲಿಸಿ ಸುತ್ತಲೂ ಫೋಟೊ ತೆಗೆದಳು.

ಮಾರ್ಚ್ ೧೨
ನೆತ್ತಿ ಸಿದ್ಧ. ಮಾಧವ್ ಷರತ್ತು ಹಾಕಿದರು — ಶನಿವಾರ ಹೊರಗಿನ ನಲವತ್ತು ಜನ ಬಂದು ಆಡಿ ನೋಡುತ್ತಾರೆ. ಐವರಾದರೂ ಆರಿಸಿದರೆ ಇರಲಿ, ಇಲ್ಲದಿದ್ದರೆ ಇಲ್ಲ. ೨೧ರಂದು ಕೊನೇ ಬಿಲ್ಡ್, ಆಮೇಲೆ ಗೇಮಿನಲ್ಲಿ ಏನೂ ಬದಲಿಸುವಂತಿಲ್ಲ. ಒಪ್ಪಿದೆ. ಒಪ್ಪಬಾರದಿತ್ತೇನೋ.

ಮನೆಯಲ್ಲಿ ಅಣ್ಣ ಇನ್ನೂ ನನ್ನ ತಲೆ ನೋಡುವುದಿಲ್ಲ. ಮಾತಾಡುವಾಗ ಟಿವಿ ಕಡೆ ಮುಖ. ತನ್ನಿಂದ ಹೋಯಿತು ಎಂಬ ಸಂಕಟ. ಬೇಸರವಾಗುತ್ತದೆ. ಹೋದದ್ದಲ್ಲ, ನಾನಾಗಿ ಕೊಟ್ಟದ್ದು.

ಮಾರ್ಚ್ ೧೫, ಶನಿವಾರ
ಮೂವರು. ಇಬ್ಬರು ಹೆಂಗಸರು, ಜಯನಗರದ ಕಾಲೇಜು ಹುಡುಗ ಒಬ್ಬ. "ಸಖತ್ ಖಡಕ್ ಆಗಿದಾಳೆ ಮಗಾ," ಎಂದು ಪಕ್ಕದವನಿಗೆ ತೋರಿಸಿದ. ಆದರೂ ಮೂವರೇ. ತಿಲಕ್ ನಗರದ ಮನೆಯವರೆಗೂ ಆಟೋದಲ್ಲಿ ಅಳುತ್ತಲೇ ಬಂದೆ. ಈಗ ಪೂರ್ತಿ ಶೀಟ್ ತೆರೆದು ಕೂತಿದ್ದೇನೆ. ಯಾರು ಏನು ಆರಿಸಿದರು — ಒಂದೊಂದು ಸಾಲೂ ಓದುತ್ತೇನೆ.

ಮಾರ್ಚ್ ೧೭
ಮೀಟಿಂಗ್.
"ಐದು ಅಂದಿದ್ವಿ, ದಿವ್ಯ."
"ಹೌದು. ಗಂಡಸ್ರ ಪಟ್ಟೀಲಿ ಹದಿನಾಲ್ಕನೇ ನಂಬರ್ ಗಡ್ಡ ಎಷ್ಟು ಜನ ಆರ್ಸಿದ್ರು ಹೇಳಿ?"
ಮಾಧವ್ ಶೀಟ್ ತೆರೆಯತೊಡಗಿದರು.
"ಒಬ್ರೂ ಇಲ್ಲ. ಒಟ್ಟು ಒಂಬತ್ತು ಗಡ್ಡಕ್ಕೆ ಸೊನ್ನೆ. ಅವುಕ್ಕೆ ಯಾರು ಐದು ಜನ ಬೇಕು ಅಂದ್ರು?"
ಸಂಹಿತಾ ಕೆಮ್ಮಿದಳು. ಮಾಧವ್ ಶೀಟನ್ನು ಮೇಲೆ ಕೆಳಗೆ ಎಳೆದರು, ತಮ್ಮ ಗಡ್ಡ ಸವರಿಕೊಂಡರು.
"ನೋಡ್ತೀನಿ."

ಮಾರ್ಚ್ ೨೧, ಸಂಜೆ ೭
ಕೊನೇ ಬಿಲ್ಡ್ ಬಂತು. ಮನೆಯಲ್ಲೇ ತೆರೆದೆ. ಹೆಣ್ಣು. ಕೂದಲು. ಮೊದಲನೆಯದೇ — ಬೋಳು. ಮೊದಲನೆಯದು! ಗಂಡಸರಿಗಿದ್ದ ಜಾಗದಲ್ಲೇ. ಕೂಗಿಬಿಟ್ಟೆ.

ಏನಾಯಿತೋ ಎಂದು ಅಣ್ಣ ವಾಕರ್ ತಳ್ಳಿಕೊಂಡು ಬಂದ. ಸ್ಕ್ರೀನ್ ನೋಡಿದ. ಆಮೇಲೆ ನನ್ನ ತಲೆ ನೋಡಿದ, ನೇರವಾಗಿ, ಹತ್ತೊಂಬತ್ತು ದಿನದಲ್ಲಿ ಮೊದಲ ಸಲ.
"ಸರ್ಕೋ. ನಾನ್ ಆಡ್ತೀನಿ."
"ಯಾವಾಗ್ಲೂ ಮೀಸೆ ಪೈಲ್ವಾನನ್ನೇ ಮಾಡ್ಕೋತಿದ್ಯಲ್ಲೋ ಅಣ್ಣ?"
"ಬೇಡ ಕಣೇ. ಇವಳೇ ಇರ್ಲಿ."
ಮೂಗು ಸರಿ ಮಾಡುತ್ತಿದ್ದಾನೆ. ನನ್ನನ್ನು ನೋಡುತ್ತಾನೆ, ಸ್ಕ್ರೀನ್ ನೋಡುತ್ತಾನೆ, ಮತ್ತೆ ನನ್ನನ್ನು. ಬರೆಯುವುದನ್ನು ನಿಲ್ಲಿಸಿ ಇತ್ತ ತಿರುಗಬೇಕಂತೆ, ಕಿವಿ ಇನ್ನೂ —