ಒಂದೇ ಕಾಲಿನ ಚಪ್ಪಲಿ

ದಹ್ರಾನ್

ಪ್ರೀತಿಯ ಮಾಮಿಗೆ ಸೊಸೆ ಮಿಸ್ರಿಯಾಳ ಸಲಾಂ.

ನಿಮ್ಮ ಮಗನ ಸಾಮಾನೆಲ್ಲ ಕಳಿಸು ಅಂದಿರಲ್ಲ, ಊರಿಗೆ ಹೊರಟ ಹೈದರಾಕನ ಹತ್ತಿರ ಕೊಟ್ಟಿದ್ದೇನೆ. ಪೆಟ್ಟಿಗೆಯಲ್ಲಿ ಎಲ್ಲವೂ ಒಂದೊಂದೇ ಉಂಟು. ಒಂದು ಲುಂಗಿ, ಚಹಾದ ಒಂದು ಕಪ್ಪು, ಒಂದೇ ಕಾಲಿನ ಚಪ್ಪಲಿ. ಹೈದರಾಕ ಕಳೆದು ಹಾಕಿದರು ಅಂತ ಬೈಯಬೇಡಿ.

ನಮ್ಮ ಇವರು ತೀರಿಕೊಂಡ ಮೇಲೆ ನಾನು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇದ್ದತ್‌ಗೆ ಕೂತಿದ್ದಾಗ ಪಕ್ಕದ ಮನೆಯ ರಷ್ಯಾದ ಗಲೀನಾ ದಿನಾ ಬರುತ್ತಿದ್ದಳು. ಅವಳ ಊರು ಪಾವ್ಲೊವ್‌ಸ್ಕ್. ಹಿಂದೆ ಅಲ್ಲಿ ರಾಜಮನೆತನದವರು ಇದ್ದರಂತೆ. ಯುದ್ಧದಲ್ಲಿ ಶತ್ರುಗಳು ಹತ್ತಿರ ಬಂದಾಗ ಅರಮನೆಯ ಸಾಮಾನೆಲ್ಲ ಸಾಗಿಸಲಿಕ್ಕೆ ಆಗಲಿಲ್ಲ. ಅದನ್ನು ನೋಡಿಕೊಳ್ಳುವವರು ಒಂದೇ ತರದ ಕುರ್ಚಿಗಳಲ್ಲಿ ಒಂದೊಂದನ್ನು ಮಾತ್ರ ದೂರದ ಊರಿಗೆ ಕಳಿಸಿದರಂತೆ. ಆಮೇಲೆ ಅರಮನೆ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಆ ಒಂದನ್ನು ನೋಡಿ ಉಳಿದದ್ದನ್ನು ಹೊಸದಾಗಿ ಮಾಡಿದರು.

ಮನುಷ್ಯರನ್ನು ಹಾಗೆ ಮಾಡಲಿಕ್ಕೆ ಆಗುವುದಿಲ್ಲ, ನನಗೂ ಗೊತ್ತುಂಟು. ಆದರೆ ಅವರದ್ದೆಲ್ಲ ಒಂದೇ ಮನೆಯಲ್ಲಿ ಇರುವುದು ಬೇಡ ಅನಿಸಿತು. ಸಿಟ್ಟಾಗಬೇಡಿ, ನಾನು ಊರಿಗೆ ಬರುವುದಿಲ್ಲ. ಇಲ್ಲಿಯ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಇಲ್ಲೇ ಇರಲಿಕ್ಕೆ ಇಕಾಮಾವೂ ಆಯಿತು. ಅವರ ಕಬರ್ ಇಲ್ಲಿಯೇ ಉಂಟಲ್ಲ.

ಕೊನೆಗೊಮ್ಮೆ ಮಗನ ಮುಖ ನೋಡಲಿಕ್ಕೆ ಸಿಗಲಿಲ್ಲ ಅಂತ ನೀವು ಫೋನಿನಲ್ಲಿ ಅತ್ತಿರಿ. ಆ ಚಪ್ಪಲಿಯನ್ನು ತೊಳೆಯಬೇಡಿ, ಮಾಮಿ. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬೆರಳಿನ ಅಚ್ಚು ಚೆನ್ನಾಗಿ ಕೂತದ್ದನ್ನು ನಿಮಗೆ ಕಳಿಸಿದ್ದೇನೆ.

ನಿಮ್ಮ
ಮಿಸ್ರಿಯಾ