ಸೆರಗು ಹೊದ್ದ ಕ್ಲಿಯೋಪಾತ್ರ

ತಂಗಿ ದೇವಿಕಾಗೆ, ಜರ್ಮನಿಯ ಚಳಿಯಿಂದ ಅಣ್ಣನ ನಡುಗುವ ಆಶೀರ್ವಾದ.

ನಾಟಕದಲ್ಲಿ ಕ್ಲಿಯೋಪಾತ್ರಳ ಆ ತೆಳು ಬಟ್ಟೆ ಹಾಕಲಾರೆ, ಪಾತ್ರವೇ ಬೇಡ ಎಂದು ಫೋನಿನಲ್ಲಿ ಕಣ್ಣೀರು ಹಾಕಿದೆಯಲ್ಲ, ಈ ಕಾರ್ಡು ತಿರುಗಿಸಿ ನೋಡು. ಇಲ್ಲಿನ ಗ್ರಂಥಾಲಯದ ಪ್ರದರ್ಶನದಲ್ಲಿ ನಾವು ಕಂಡ ಐನೂರು ವರ್ಷ ಹಳೆಯ ಪುಸ್ತಕದಲ್ಲಿರುವ ಕ್ಲಿಯೋಪಾತ್ರ ಇವಳೇ. ಚಿತ್ರಕಾರ ಈಜಿಪ್ಟ್ ಕಂಡವನಲ್ಲ. ತನ್ನೂರಿನ ಗೌಡತಿಯನ್ನೇ ರಾಣಿ ಮಾಡಿದ್ದಾನೆ. ತಲೆಗೆ ಸೆರಗು, ತೋಳಿಗೆ ಉರಗ! ನನ್ನ ಜೊತೆ ಕಾರ್ಖಾನೆಯ ತರಬೇತಿಗೆ ಬಂದಿರುವ ಸಂಡೂರಿನ ಯಲ್ಲೇಶ್, "ಅಣ್ಣಾ, ಬಾಗಲದಾಗ ಟಿಕೆಟ್ ಕೊಟ್ಟ ಅಜ್ಜೀನ ಹಾವು ಹಿಡ್ಕೊಂಡು ನಿಂತಂಗೈತಲ್ಲ!" ಎಂದ.

ನನ್ನ ಕೆಮ್ಮು ಇಳಿದಿದೆ, ಅವ್ವನಿಗೆ ಹೇಳು.

ಮರಿಯಮ್ಮನಹಳ್ಳಿಯ ನಾಟಕದ ಮೇಷ್ಟ್ರಿಗೆ ಈ ಚಿತ್ರ ತೋರಿಸಿ, ಇಳಕಲ್ ಸೀರೆ ಉಟ್ಟೇ ರಂಗಕ್ಕೇರು. ಅವರು ಅಷ್ಟಕ್ಕೂ ಒಪ್ಪದಿದ್ದರೆ, ಆ ತೆಳು ಬಟ್ಟೆಯನ್ನು ಮೊದಲು ಅವರೇ ಉಟ್ಟು ತೋರಿಸಲಿ.

ಕಾರ್ಡು ತುಂಬಿತು.
ಎರ್ರಿಸ್ವಾಮಿ