ಕೊಳವೆಯ ನಲವತ್ತೈದು ಸೆಕೆಂಡು

ಆರ್‌ಪಿಸಿ ಲೇಔಟ್, ವಿಜಯನಗರ
೯ ನವೆಂಬರ್ ೨೦೨೪, ಶನಿವಾರ

ಪ್ರೀತಿಯ ಮೇಷ್ಟ್ರೇ,

ನಾನು ಆರಾಮವಾಗಿದ್ದೇನೆ. ನೀವೂ ಹಾಗೇ ಇದ್ದೀರೆಂದು ಮುನಿಯಣ್ಣ ಹೇಳಿದರು. ಅವರ ಗ್ಯಾರೇಜಿನ ಮೇಲಿನ ಕೋಣೆಗೆ ನೀವು ಹೋಗಿ ಎಂಟು ತಿಂಗಳಾಯಿತು. ಇಲ್ಲೇ ಹತ್ತಿರದ ಮೂಡಲಪಾಳ್ಯಕ್ಕೆ ಹೆಂಡತಿ ಗಂಡನಿಗೆ ಕಾಗದ ಬರೆಯುವುದು ನಗುವ ವಿಷಯವೇ. ಆದರೆ ಫೋನಿನಲ್ಲಾದರೆ ನೀವು "ಹೂಂ, ಸರಿ" ಅಂದು ಇಟ್ಟುಬಿಡುತ್ತೀರಿ. ಕೈಗೆ ಬಂದ ಕಾಗದವನ್ನು ಪೂರ್ತಿ ಓದದೆ ಬಿಡುವವರು ನೀವಲ್ಲ.

ಸುದ್ದಿ ಏನೆಂದರೆ, ನಿಮ್ಮ ಯಂತ್ರವನ್ನು ನಾನು ಓಡಿಸಿದೆ.

ನೀವು ಬಿಟ್ಟುಹೋದ ಪೆಟ್ರೋಲ್ ಜನರೇಟರ್ ಹಿತ್ತಲಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಪಕ್ಕದಲ್ಲೇ ಹತ್ತು ವರ್ಷ ನಿಮ್ಮನ್ನು ಹಿಡಿದಿಟ್ಟ ಆ ಉಕ್ಕಿನ ಪೆಟ್ಟಿಗೆ, ನಿಮ್ಮ ರಿಫಾರ್ಮರ್. ಸೈಲೆನ್ಸರಿನ ಬಿಸಿಯಲ್ಲೇ ಪೆಟ್ರೋಲಿನ ಆವಿಯನ್ನು ಒಡೆದು, ಹೈಡ್ರೋಜನ್ ಬೆರೆತ ಅನಿಲ ಮಾಡಿ ಎಂಜಿನ್ನಿಗೆ ಉಣಿಸಿದರೆ ಮೂರರಲ್ಲಿ ಒಂದು ಪಾಲು ಇಂಧನ ಉಳಿಯುತ್ತದೆಂದು ಎಷ್ಟು ಸಲ ಹೇಳಿಲ್ಲ ನೀವು! ಅದರ ಜೊತೆ, ಒಳಗೆ ಹೋಗುವ ಗಾಳಿಗೆಂದು ನೀವು ಬಗ್ಗಿಸಿ ಮಾಡಿದ ಅಲ್ಯೂಮಿನಿಯಂ ಕೊಳವೆಯೂ ಇತ್ತು.

ಮಾರ್ಚ್ ತಿಂಗಳ ಆ ಭಾನುವಾರದ ವಿಷಯ ಬರೆಯದೆ ಮುಂದೆ ಹೋಗಲಾರೆ. ಮೆಚ್ಚಿದರೆ ತಮ್ಮ ಕಾರ್ಖಾನೆಯಲ್ಲಿ ಪೆಟ್ಟಿಗೆ ತಯಾರಿಸಲೆಂದು ಪೀಣ್ಯದಿಂದ ಗಿರಿರಾಜ್ ಬಂದಿದ್ದರು. ಪೆಟ್ಟಿಗೆ ಹಾಕದೆ ಒಮ್ಮೆ, ಹಾಕಿ ಒಮ್ಮೆ ಓಡಿಸಿ ತೆಗೆದ ಅಂಕಿಗಳನ್ನು ನೀವು ಓದುತ್ತಿದ್ದಿರಿ. ಕಾಫಿ ತಟ್ಟೆ ಹಿಡಿದು ನಿಂತಿದ್ದ ನಾನು ಹೇಳಿಬಿಟ್ಟೆ: "ಮೊದಲನೇ ಸಲ ಹಳೇ ಏರ್ ಫಿಲ್ಟರ್ ಇತ್ತು, ಪೆಟ್ಟಿಗೆ ಹಾಕಿದಾಗ ಹೊಸದು. ಉಳಿದಿದ್ದು ಯಾವುದರಿಂದ ಅಂತ ಹೆಂಗ್ರೀ ಹೇಳ್ತೀರ?"

ಗಿರಿರಾಜ್ ಲೋಟ ಕೆಳಗಿಟ್ಟರು. ನೀವು ನನ್ನ ಮುಖ ನೋಡಲಿಲ್ಲ, ಅದೇ ವಾರ ಮುನಿಯಣ್ಣನ ಕೋಣೆಗೆ ಹೋದಿರಿ. ಹಳೆಯದಕ್ಕೆ ಧೂಳು ಕಟ್ಟಿತ್ತು, ಬದಲಿಸಿದಿರಿ, ಮರೆತಿರಿ, ಅದರಲ್ಲಿ ಮೋಸವಿರಲಿಲ್ಲ. ನನಗೂ ಅದು ಆ ಕ್ಷಣಕ್ಕೆ ಹೊಳೆಯಿತು, ನಾಲಿಗೆ ತಡೆಯಲಿಲ್ಲ. ಮಾತು ಸರಿಯಿತ್ತು, ಆಡಿದ ಜಾಗ ಸರಿಯಿರಲಿಲ್ಲ. ಕ್ಷಮಿಸಿ.

ಮೂವತ್ತು ವರ್ಷ ಫಿಸಿಕ್ಸ್ ಲ್ಯಾಬಿನಲ್ಲಿ ಮಕ್ಕಳಿಗೆ ಹೇಳಿಕೊಟ್ಟವಳು ನಾನು: ಒಂದು ಸಲಕ್ಕೆ ಒಂದೇ ಬದಲಾವಣೆ. ನಿಮ್ಮ ಪೆಟ್ಟಿಗೆಗೆ ಆ ನ್ಯಾಯ ಸಿಕ್ಕಿರಲಿಲ್ಲವಲ್ಲ ಅನ್ನಿಸಿತು. ದೀಪಾವಳಿ ಮುಗಿದ ಮೇಲೆ ಶುರುಮಾಡಿದೆ. ನೂರು ಎಂಎಲ್ ಪೆಟ್ರೋಲ್ ಅಳೆದು ಹಾಕುವುದು, ಐದು ಬಲ್ಬು ಉರಿಸುವುದು, ಎಂಜಿನ್ ನಿಲ್ಲುವವರೆಗೆ ಗಡಿಯಾರ ನೋಡುವುದು. ಎಲ್ಲಕ್ಕೂ ಅದೇ ಹೊಸ ಫಿಲ್ಟರ್.

ಮೊದಲ ದಿನವೇ ಮಹಡಿ ಮನೆಯ ಕವನಾ ಇಳಿದು ಬಂದಳು. "ಏನ್ ಆಂಟಿ ಇದು ಸೌಂಡು? ಮೀಟಿಂಗಲ್ಲಿ ಎಲ್ರೂ, ಹಿಟ್ಟಿನ ಗಿರಣಿಯಲ್ಲಿ ಕೂತಿದೀಯಾ ಅಂತ ಕೇಳ್ತಾ ಇದಾರೆ!" ವಿಷಯ ಹೇಳಿದೆ. ಮರುದಿನ ತಾನೇ ಮೊಬೈಲು ಹಿಡಿದು ಟೈಮ್ ನೋಡಲು ಬಂದಳು.

ಏನೂ ಹಾಕದೆ ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು. ಬರೀ ಪೆಟ್ಟಿಗೆ ಹಾಕಿದರೂ ಅಷ್ಟೇ. ಐದು ಸಲ ನೋಡಿದೆ, ಒಮ್ಮೆ ಐದು ಸೆಕೆಂಡು ಕಡಿಮೆಯೇ ಬಂತು. ಮೊದಲ ದಿನ ಒಳಗೊಳಗೇ ಗೆದ್ದಂತಾಯಿತು, ಮುಚ್ಚಿಡುವುದಿಲ್ಲ. ಮೂರನೆಯ ದಿನದ ಹೊತ್ತಿಗೆ, ಇದು ಒಂದು ನಿಮಿಷವಾದರೂ ಹೆಚ್ಚು ಓಡಬಾರದೇ ಎಂದು ನಾನೇ ಬೇಡಿಕೊಳ್ಳುತ್ತಿದ್ದೆ.

ಆಮೇಲೆ ಪೆಟ್ಟಿಗೆ ಬಿಚ್ಚಿ ಬರೀ ಕೊಳವೆ ಹಾಕಿದೆ. ಹನ್ನೊಂದೂ ಇಪ್ಪತ್ತು ದಾಟಿತು. "ಆಂಟಿ, ಇನ್ನೂ ಓಡ್ತಾ ಇದೆ!" ಎಂದು ಕವನಾ ಕೂಗಿದಳು. ಇಬ್ಬರೂ ಬಲ್ಬುಗಳನ್ನೇ ನೋಡುತ್ತ ನಿಂತೆವು. ಹನ್ನೆರಡು ನಿಮಿಷ ಐದು ಸೆಕೆಂಡು! ನಂಬಿಕೆ ಬರದೆ ಕೊಳವೆ ತೆಗೆದೆ, ಮತ್ತೆ ಹನ್ನೊಂದೂ ಇಪ್ಪತ್ತು. ಹಾಕಿದೆ, ಮತ್ತೆ ನಲವತ್ತೈದು ಸೆಕೆಂಡು ಹೆಚ್ಚು. ಮೂರು ದಿನ ಹೀಗೇ.

ಮೂರರಲ್ಲಿ ಒಂದು ಪಾಲಲ್ಲ ಮೇಷ್ಟ್ರೇ, ನೂರಕ್ಕೆ ಆರೋ ಏಳೋ. ಆದರೆ ನಿಜದ್ದು. ಒಂದು ಮಧ್ಯಾಹ್ನ ಕೂತು ಬಗ್ಗಿಸಿದ ಆ ಕೊಳವೆಗೆ ನೀವು ಹೆಸರು ಕೂಡ ಇಟ್ಟಿರಲಿಲ್ಲ. ಅದರೊಳಗೆ ಗಾಳಿ ಸುಳಿಯಾಗಿ ತಿರುಗಿ ಪೆಟ್ರೋಲಿನ ಜೊತೆ ಚೆನ್ನಾಗಿ ಬೆರೆಯುತ್ತದೋ, ಬೇರೇನಾದರೂ ಕಾರಣವೋ, ನನಗೆ ತಿಳಿಯದು. ಬಗ್ಗಿಸಿದ ಕೈಗೇ ತಿಳಿಯಬೇಕು. ಪೆಟ್ಟಿಗೆಯನ್ನು ಬಿಡುವುದು ನಿಮಗೆ ಸುಲಭವಲ್ಲ, ಗೊತ್ತು. ಅದರ ಮೇಲೆ ಧೂಳು ಕೂರದಂತೆ ಹಳೆಯ ಸೀರೆ ಹೊದಿಸಿ ಒಳಗಿಟ್ಟಿದ್ದೇನೆ.

ನನ್ನ ಅಂಕಿಗಳನ್ನು ನಂಬಬೇಡಿ. ಈ ಕಾಗದವನ್ನು ಇವತ್ತೇ ಮುನಿಯಣ್ಣನ ಕೈಲಿ ಕಳಿಸುತ್ತೇನೆ, ನಾಳೆ ಭಾನುವಾರ, ಕವನಾಗೂ ರಜೆ. ಬಂದು ನೀವೇ ಓಡಿಸಿ ನೋಡಿ.

ನಿಮ್ಮ ದಾರಿ ನೋಡುತ್ತಿರುವ,
ತುಂಗಾ

ಇನ್ನೊಂದು ಮಾತು: ಮೇಲೆ "ಆ ಕ್ಷಣಕ್ಕೆ ಹೊಳೆಯಿತು" ಎಂದು ಬರೆದದ್ದು ಸುಳ್ಳು. ಹಳೆಯ ಫಿಲ್ಟರನ್ನು ಬುಧವಾರವೇ ಕಸದ ಬುಟ್ಟಿಯಲ್ಲಿ ನೋಡಿದ್ದೆ. ನಾಲ್ಕು ದಿನ ಬಾಯಿ ಬಿಡಲಿಲ್ಲ. ಒಂದು ಸಲವಾದರೂ ನೀವು "ತುಂಗಾ, ನಿಂಗೇನನ್ಸತ್ತೆ?" ಎಂದು ಕೇಳಲಿ ಎಂದು ಕಾದೆ. ಕೇಳಲಿಲ್ಲ, ಅದಕ್ಕೇ ಬಂದವರ ಮುಂದೆ ಹೇಳಿದೆ. ಇದನ್ನು ಓದಿಯೂ ಬರಬೇಕೆನಿಸಿದರೆ, ಬೆಳಗಿನ ಉಪ್ಪಿಟ್ಟಿಗೆ ಮುಂಚೆಯೇ ಬನ್ನಿ.